ಮೂಲಂಗಿ ಸಾಹೇಬರೂ ಮರೆಗುಳಿ ಹಲಗೆಯೂ

ತರಕಾರಿ ಬೀಜದ ಪೊಟ್ಟಣವನ್ನು ನೀವು ಎಂದಾದರೂ ಕೈಯಲ್ಲಿ ಹಿಡಿದಿದ್ದರೆ ಅದರ ಮೇಲಿನ ಚಿತ್ರವನ್ನೂ ನೋಡಿರುತ್ತೀರಿ. ಯಾವ ಹಿತ್ತಿಲಲ್ಲೂ ಬೆಳೆಯದಷ್ಟು ಕೆಂಪಗಿನ ಟೊಮೇಟೊ, ಮೈಮೇಲೊಂದು ಕಲೆಯಿಲ್ಲದ ಬದನೆಕಾಯಿ, ಈಗಷ್ಟೇ ಸ್ನಾನ ಮುಗಿಸಿ ಬಂದಂತಿರುವ ಮೂಲಂಗಿ. ಅದನ್ನು ಯಾರೋ ಒಬ್ಬರು ಕೂತು ಬರೆದಿರುತ್ತಾರೆ ಎಂಬುದು ಮಾತ್ರ ಯಾರಿಗೂ ಹೊಳೆಯುವುದಿಲ್ಲ. ಈ ಅನ್ಯಾಯವನ್ನು ಲೋಕಕ್ಕೆ ಮನದಟ್ಟು ಮಾಡಿಸುವುದೇ ನಮ್ಮ ಸಾಹೇಬರ ಅರ್ಧ ಉದ್ಯೋಗ. ಇನ್ನರ್ಧ, ಆ ಚಿತ್ರಗಳನ್ನು ಬರೆಯುವುದು.

ಬೀದಿಯವರು ಅವರನ್ನು ಮೂಲಂಗಿ ಸಾಹೇಬರು ಎನ್ನುತ್ತಿದ್ದರು. ಮೊದಲ ಮಾತು ಅವರ ಕೆಲಸದಿಂದ ಬಂದದ್ದು, ಎರಡನೆಯದು ಅವರ ನಡಿಗೆಯಿಂದ. ಹಾಲು ತರಲು ಹೊರಟರೂ ಯಾವುದೋ ಪ್ರದರ್ಶನ ಉದ್ಘಾಟಿಸಲು ಹೊರಟವರ ಹಾಗೆ ಹೋಗುತ್ತಿದ್ದರು. ‘ಮೂಲಂಗಿ’ ಅವರಿಗೆ ಹಿಡಿಸುತ್ತಿರಲಿಲ್ಲ. ಆದರೆ ‘ಸಾಹೇಬರು’ ಎಂಬುದರ ಆಸೆಗೆ ಅದನ್ನೂ ಸಹಿಸಿಕೊಂಡಿದ್ದರು.

ಮನೆಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ಒಂದೇ ಒಂದು ದೊಡ್ಡ ಮೇಜು. ಆ ಮೇಜಿಗೆ ಇಬ್ಬರು ಒಡೆಯರು. ಸಾಹೇಬರ ಹೆಂಡತಿ ಹೊಲಿಗೆ ಕೆಲಸದವರು. ಬಟ್ಟೆಬರೆ ಹೊಲಿಯುವವರಲ್ಲ, ಕಿಟಕಿಗೆ ಪರದೆ, ಸೋಫಾಕ್ಕೆ ಕವರು, ಅಷ್ಟೇ. “ಮನುಷ್ಯರ ಅಳತೆ ತಿಂಗಳಿಗೊಂದು ಥರ ಆಗುತ್ತೆ. ಕಿಟಕಿ ಪಾಪ, ಹೇಗಿತ್ತೋ ಹಾಗೇ ಇರುತ್ತೆ. ತಗಾದೆನೂ ಮಾಡಲ್ಲ” ಎನ್ನುವುದು ಆಕೆಯ ವಾದ. ಬೆಳಿಗ್ಗೆ ಮೇಜು ಗಂಡನದು, ಊಟವಾದ ಮೇಲೆ ಹೆಂಡತಿಯದು. ಮದುವೆಯಾದ ಹೊಸದರಲ್ಲಿ ಜಗಳವಾಡಿ ಗೊತ್ತುಮಾಡಿಕೊಂಡ ಈ ಏರ್ಪಾಟು ಆಮೇಲೆ ಉಸಿರಾಟದಷ್ಟೇ ಸಲೀಸಾಗಿ ನಡೆದುಕೊಂಡು ಬಂದಿತ್ತು. ಸಾಹೇಬರು ಕುಂಚಗಳನ್ನು ಡಬ್ಬಿಗೆ ಹಾಕುವುದು, ಹಾಳೆಗಳನ್ನು ಮಂಚದ ಕೆಳಗೆ ತಳ್ಳುವುದು, ಆಕೆ ಒದ್ದೆ ಬಟ್ಟೆಯಿಂದ ಮೇಜು ಒರೆಸಿ ಮೆಷಿನ್ ತಂದಿಡುವುದು.

ಈ ಕೈಬದಲಿನ ಹೊತ್ತಿನಲ್ಲಿ ಇನ್ನೂ ಒಂದು ನಡೆಯುತ್ತಿತ್ತು. ಸಾಹೇಬರು ಅಂದಿನ ಚಿತ್ರವನ್ನು ಬೆಳಕಿಗೆ ಹಿಡಿದು, ತಾವೇ ನೋಡಿಕೊಳ್ಳುತ್ತಿರುವವರ ಹಾಗೆ ನಿಲ್ಲುತ್ತಿದ್ದರು. ಆಕೆ ಮೇಜು ಒರೆಸುತ್ತಲೇ ಓರೆಗಣ್ಣಿನಿಂದ ನೋಡಿ “ಪರವಾಗಿಲ್ಲ” ಎನ್ನುತ್ತಿದ್ದರು. ಇಲ್ಲವೇ, “ಈ ಕ್ಯಾರೆಟ್‌ಗೆ ಜ್ವರ ಬಂದಿದ್ಯಾ?” ಎನ್ನುತ್ತಿದ್ದರು. ಕಲೆಯ ಗಂಧ ಗೊತ್ತಿಲ್ಲದವರ ಮಾತಿಗೆ ತಾವು ಬೆಲೆ ಕೊಡುವುದಿಲ್ಲ ಎಂದು ಸಾರಿ ಸಾಹೇಬರು ಒಳಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಕ್ಯಾರೆಟ್ಟಿನ ಬಣ್ಣ ತಿದ್ದುತ್ತಿದ್ದರು. ಆ ಓರೆನೋಟ ಬೀಳದ ಒಂದು ಚಿತ್ರವೂ ಆ ಮನೆಯಿಂದ ಆಚೆ ಹೋದದ್ದಿಲ್ಲ. ಈ ಸಂಗತಿ ಯಾರಿಗೂ ಗೊತ್ತಿಲ್ಲ ಎಂದು ಸಾಹೇಬರು ನಂಬಿದ್ದರು.

ಹೀಗಿರಲು ಬೀಜದ ಕಂಪನಿಯವರು, ಇನ್ನು ಮುಂದೆ ಕಾಗದದ ಚಿತ್ರ ಬೇಡ, ಕಂಪ್ಯೂಟರಿನಲ್ಲೇ ಬರೆದು ಕಳಿಸಿ ಎಂದರು. ತಮ್ಮ ಆಫೀಸಿನಲ್ಲಿ ಮೂಲೆಗುಂಪಾಗಿದ್ದ ಹಳೆಯ ಕಂಪ್ಯೂಟರೊಂದನ್ನು ಕೊಟ್ಟರು. ಅದನ್ನು ನಡೆಸುತ್ತಿದ್ದದ್ದು ಎಲ್ಲರಿಗೂ ಗೊತ್ತಿರುವ ವಿಂಡೋಸ್ ಅಲ್ಲ, ಲಿನಕ್ಸ್ ಎಂಬ ಬೇರೆಯದೇ ತಂತ್ರಾಂಶ. ಸಾಹೇಬರಿಗೆ ಅದರ ತಲೆಬುಡ ಗೊತ್ತಿರಲಿಲ್ಲ. ಆದರೂ ಮಾರನೆಯ ದಿನವೇ ಕ್ಷೌರದ ಅಂಗಡಿಯಲ್ಲಿ, “ಎಲ್ಲರೂ ಬಳಸೋದನ್ನ ನಾವು ಬಳಸಲ್ಲ. ನಮ್ಮದು ಲಿನಕ್ಸ್” ಎಂದು ಕನ್ನಡಿಗೆ ಹೇಳಿದರು. ಕ್ಷೌರಿಕ ಅದು ಯಾವುದೋ ಶಾಂಪೂ ಎಂದುಕೊಂಡು ತಲೆಯಾಡಿಸಿದ.

ಕಂಪ್ಯೂಟರಿನ ಜೊತೆಗೆ ಚಿತ್ರ ಬರೆಯುವ ಟ್ಯಾಬ್ಲೆಟ್ಟೂ ಬಂತು. ಸ್ಲೇಟಿನಂಥ ಒಂದು ಕಪ್ಪು ಹಲಗೆ. ಅದರ ಮೇಲೆ ವಿಶೇಷವಾದೊಂದು ಪೆನ್ನು ಆಡಿಸಿದರೆ ಎದುರಿನ ತೆರೆಯ ಮೇಲೆ ಗೆರೆ ಮೂಡುತ್ತದೆ. ಹಲಗೆಯ ಎಡಕ್ಕೆ ಗುಂಡಿಗಳ ಸಾಲು. ಸಾಹೇಬರು ಎಡಚರು. ಕೈಯಿಟ್ಟರೆ ಸಾಕು, ಮೊಣಕೈ ಗುಂಡಿಗಳನ್ನೆಲ್ಲ ಒತ್ತಿ ಚಿತ್ರ ಚಿಂದಿಯಾಗುತ್ತಿತ್ತು. ಆದ್ದರಿಂದ ಹಲಗೆಯನ್ನು ತಲೆಕೆಳಗು ಮಾಡಿಟ್ಟುಕೊಂಡು, “ಇದು ತಲೆಕೆಳಗಿದೆ, ಅದಕ್ಕೆ ತಕ್ಕ ಹಾಗೆ ನಡೆದುಕೋ” ಎಂದು ಕಂಪ್ಯೂಟರಿಗೆ ಹೇಳಬೇಕಿತ್ತು. ಪೆನ್ನನ್ನು ಎಷ್ಟು ಒತ್ತಿದರೆ ಗೆರೆ ಎಷ್ಟು ದಪ್ಪ ಬರಬೇಕೆಂಬುದನ್ನೂ ಹೇಳಬೇಕಿತ್ತು, ಏಕೆಂದರೆ ಸಾಹೇಬರ ಕೈಯೂ ಅವರ ಮಾತಿನ ಹಾಗೆ ಸ್ವಲ್ಪ ಭಾರ. ಈ ಆಜ್ಞೆಗಳನ್ನು ಟೈಪು ಮಾಡುವುದನ್ನು ಕಂಪನಿಯ ಹುಡುಗಿಯೊಬ್ಬಳು ಫೋನಿನಲ್ಲಿ ಹೇಳಿಕೊಟ್ಟಳು. ಹಲಗೆ ಮಾತು ಕೇಳಿತು. ಮೂಲಂಗಿಯ ತುದಿಯ ಬೇರು ಕೂದಲೆಳೆಯಷ್ಟು ಸಣ್ಣಗೆ ಬಂದಾಗ ಸಾಹೇಬರು ತಮ್ಮ ಎಡಗೈಯನ್ನು ತಾವೇ ಮೆಚ್ಚಿ ನೋಡಿಕೊಂಡರು.

ಊಟದ ಹೊತ್ತಾಯಿತು. ವೈರು ಕಿತ್ತು, ಹಲಗೆಯನ್ನು ಮಂಚದ ಕೆಳಗೆ ತಳ್ಳಿ, ಮೇಜು ಬಿಟ್ಟುಕೊಟ್ಟರು. ಮರುದಿನ ಬೆಳಿಗ್ಗೆ ವೈರು ಚುಚ್ಚಿ ಪೆನ್ನನ್ನು ಮೇಲಕ್ಕೆ ಎಳೆದರೆ ಗೆರೆ ಕೆಳಕ್ಕೆ ಓಡಿತು. ಎಡಕ್ಕೆ ಎಳೆದರೆ ಬಲಕ್ಕೆ. ಕೂದಲೆಳೆ ಬೇರು ಹಗ್ಗದಷ್ಟು ದಪ್ಪವಾಯಿತು.

ವಿಷಯ ಇಷ್ಟೇ. ವೈರು ಕಿತ್ತ ಕೂಡಲೇ ಕಂಪ್ಯೂಟರು ಆ ಹಲಗೆಯನ್ನು ಪೂರ್ತಿ ಮರೆಯುತ್ತಿತ್ತು. ಮತ್ತೆ ಚುಚ್ಚಿದಾಗ, ಯಾರೋ ಹೊಸಬರು ಬಂದರು ಎಂದುಕೊಳ್ಳುತ್ತಿತ್ತು. ನಿನ್ನೆ ಹೇಳಿದ್ದು ನಿನ್ನೆ ಬಂದವನಿಗೆ.

“ನನ್ನನ್ನು ಮರೆಯುತ್ತಾ?” ಎಂದರು ಸಾಹೇಬರು, ಎದೆಯ ಮೇಲೆ ಕೈಯಿಟ್ಟು.

“ನಿಮ್ಮನ್ನಲ್ಲರೀ, ಹಲಗೇನ” ಎಂದರು ಹೆಂಡತಿ ಅಡುಗೆಮನೆಯಿಂದ.

ದಿನಾ ಬೆಳಿಗ್ಗೆ ಆಜ್ಞೆಗಳನ್ನು ಹೊಸದಾಗಿ ಟೈಪು ಮಾಡುವ ಕೆಲಸ ಶುರುವಾಯಿತು. ಒಂದಕ್ಷರ ತಪ್ಪಿದರೂ ಕಂಪ್ಯೂಟರು ಗೊಣಗುತ್ತಿತ್ತು, ಸಾಹೇಬರೂ ಗೊಣಗುತ್ತಿದ್ದರು. ಇಬ್ಬರ ಗೊಣಗಾಟ ಮುಗಿದು ಗೆರೆ ನೆಟ್ಟಗಾಗುವ ಹೊತ್ತಿಗೆ ಕುಕ್ಕರ್ ಕೂಗುತ್ತಿತ್ತು. ಹೀಗಾಗಿ ಮೇಜು ಬಿಡುವುದು ದಿನದಿಂದ ದಿನಕ್ಕೆ ತಡವಾಯಿತು. ಕೊನೆಗೊಂದು ದಿನ ಸಾಹೇಬರು ವೈರಿನ ಪಕ್ಕದಲ್ಲಿ ನಿಂತು ಘೋಷಿಸಿದರು: “ಇವತ್ತಿನಿಂದ ಈ ವೈರನ್ನ ಯಾರೂ ಮುಟ್ಟಬಾರದು. ಕಲೆಗೆ ಅಡ್ಡಿಯಾಗುತ್ತೆ.”

“ಮತ್ತೆ ನನ್ನ ಮೆಷಿನ್?”

“ಮಂಚದ ಮೇಲೆ ಇಟ್ಕೊಳೇ. ಸ್ವಲ್ಪ ದಿನ.”

ಮಂಚದ ಮೇಲೆ ಹೊಲಿಗೆ ಮೆಷಿನ್ ಹಡಗಿನ ಹಾಗೆ ತೂಗಾಡಿತು. ನೆಟ್ಟಗೆ ಬರಬೇಕಾದ ಹೊಲಿಗೆ ಹಾವಿನ ಹಾಗೆ ಬಂತು. ಆಕೆ ಎರಡು ದಿನ ಬಿಚ್ಚಿ ಹೊಲಿದು, ಮೂರನೆಯ ದಿನ ನೆಲದ ಮೇಲೆ ಬಟ್ಟೆ ಹರಡಿದರು. ಬಟ್ಟೆ ಎಳೆದಾಗ ಅಂಚು ವೈರಿಗೆ ಸಿಕ್ಕಿ, ಯಾರೂ ಮುಟ್ಟದೆಯೇ ವೈರು ಕಿತ್ತು ಬಂತು. ಸಾಹೇಬರು ಆಗಷ್ಟೇ ಹಸಿಮೆಣಸಿನಕಾಯಿಯ ತೊಟ್ಟು ಬರೆಯುತ್ತಿದ್ದರು.

ಆ ಮಧ್ಯಾಹ್ನದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ.

ಆಕೆಗೆ ಆಗ ದೊಡ್ಡ ಕೆಲಸವೊಂದು ಬಂದಿತ್ತು. ಹೊಸದಾಗಿ ಶುರುವಾಗುತ್ತಿದ್ದ ಲಾಡ್ಜೊಂದರ ಎಲ್ಲ ಕೋಣೆಗಳ ಪರದೆ. ನೀಲಿ ಬಟ್ಟೆಯ ಸುರುಳಿಗಳು ಮನೆಯ ಮೂಲೆಯಲ್ಲಿ ಆಳೆತ್ತರಕ್ಕೆ ನಿಂತಿದ್ದವು. ಮುಖ್ಯರಸ್ತೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಗೆಳತಿಯೊಬ್ಬಳು, “ನನ್ನ ಅಂಗಡೀಲಿ ಜಾಗ ಇದೆ ಕಣೇ, ಮೆಷಿನ್ ತಂದು ಇಲ್ಲೇ ಕೂತ್ಕೋ. ಬೆಳಿಗ್ಗೆ ಬಂದ್ರೆ ಸಾಯಂಕಾಲದವರೆಗೂ ಇರು” ಎಂದು ಕರೆಯುತ್ತಿದ್ದಳು. ಆಕೆ ಇದನ್ನು ಊಟಕ್ಕೆ ಕೂತಾಗ ಮೆಲ್ಲಗೆ ಹೇಳಿದರು. ಸಾಹೇಬರು ತಟ್ಟೆಯಿಂದ ತಲೆಯೆತ್ತದೆ, “ಸರಿಮಾಡ್ತೀನಿ ಅಂದ್ನಲ್ಲ” ಎಂದರು. ಆದರೆ ಕಲಸಿದ ಅನ್ನವನ್ನೇ ಮತ್ತೆ ಮತ್ತೆ ಕಲಸಿದರು. ಹಗಲಿಡೀ ಮನೆಯಲ್ಲಿ ತಾವೊಬ್ಬರೇ, ತಮ್ಮ ಮೂಲಂಗಿಯೊಂದೇ. ಬೆಳಕಿಗೆ ಹಿಡಿದ ಚಿತ್ರವನ್ನು ಯಾರೂ ಓರೆಗಣ್ಣಿನಿಂದಲೂ ನೋಡುವುದಿಲ್ಲ. ಇದು ಅವರ ಊಹೆಗೆ ಬಂದಷ್ಟೂ ಅವರ ದನಿ ಜೋರಾಯಿತು.

ಮೊದಲು ಆಜ್ಞೆಗಳನ್ನೆಲ್ಲ ಒಂದೆಡೆ ಬರೆದು, ಕಂಪ್ಯೂಟರು ಶುರುವಾಗುವಾಗ ತಾನೇ ಓದಿಕೊಳ್ಳುವ ಹಾಗೆ ಮಾಡಿದರು. ಇದು ನಿಜಕ್ಕೂ ಜಾಣತನವೇ. ಆದರೆ ಕಂಪ್ಯೂಟರು ಅದನ್ನು ಶುರುವಾಗುವಾಗ ಮಾತ್ರ ಓದುತ್ತಿತ್ತು, ನಡುವೆ ಹಲಗೆ ಬಂದರೆ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ವೈರು ಕಿತ್ತಾಗಲೆಲ್ಲ ಆರಿಸಿ ಹಚ್ಚಬೇಕು. ಮುದಿ ಕಂಪ್ಯೂಟರು, ಏಳುವುದಕ್ಕೆ ತೆಗೆದುಕೊಳ್ಳುವ ಹೊತ್ತಿನಲ್ಲಿ ನಿಜವಾದ ಮೂಲಂಗಿಯೇ ಮೊಳಕೆ ಒಡೆಯಬಹುದಿತ್ತು.

ಆಮೇಲೆ ಬಂತು ನೋಡಿ, ಸಾಹೇಬರಿಗೆ ಮಾತ್ರ ಹೊಳೆಯಬಲ್ಲ ಉಪಾಯ. ಹಲಗೆ ತಲೆಕೆಳಗು, ಗೆರೆ ತಲೆಕೆಳಗು. ಹಾಗಾದರೆ ತೆರೆಯನ್ನೂ ತಲೆಕೆಳಗು ಮಾಡಿಬಿಟ್ಟರೆ? ಹಲಗೆಗೆ ಏನೂ ಹೇಳುವುದೇ ಬೇಡ! ಹೆಂಡತಿ ತರಕಾರಿ ತರಲು ಹೋಗಿದ್ದಾಗ ಮಾನಿಟರನ್ನು ಎತ್ತಿ, ತಿರುಗಿಸಿ, ಗೋಡೆಗೆ ಆನಿಸಿ ನಿಲ್ಲಿಸಿದರು. ಅದು ಜಾರಿತು. ಜಾರದ ಹಾಗೆ ಎರಡು ಪಕ್ಕಕ್ಕೂ ಲಾಡ್ಜಿನ ನೀಲಿ ಬಟ್ಟೆಯ ಸುರುಳಿಗಳನ್ನು ಒತ್ತುಕೊಟ್ಟರು. ಪೆನ್ನನ್ನು ಮೇಲಕ್ಕೆಳೆದರು, ಗೆರೆ ಮೇಲಕ್ಕೇ ಹೋಯಿತು. ಸಾಹೇಬರು ಕೂತಲ್ಲೇ ಚಪ್ಪಾಳೆ ತಟ್ಟಿದರು.

ಅಕ್ಷರಗಳೆಲ್ಲ ಬುಡಮೇಲಾಗಿದ್ದವು ನಿಜ. ಕತ್ತು ಹೊರಳಿಸಿ ಓದಿದರಾಯಿತು. ಗೆರೆ ದಪ್ಪಗೆ ಬರುತ್ತಿದ್ದುದಕ್ಕೆ ಗಿಳಿಮರಿಯನ್ನು ಹಿಡಿದವರ ಹಾಗೆ ಪೆನ್ನನ್ನು ಹಗುರಾಗಿ ಹಿಡಿದು, ಒಂದೇ ಉಸಿರಿನಲ್ಲಿ ಒಂದು ಮೂಲಂಗಿ, ಒಂದು ಟೊಮೇಟೊ, ಒಂದು ಎಲೆಕೋಸು ಬರೆದು, ಯಾರಿಗೂ ತೋರಿಸದೆ ಕಂಪನಿಗೆ ಕಳಿಸಿಬಿಟ್ಟರು.

ಕಂಪನಿಯ ಮ್ಯಾನೇಜರು ಫೋನು ಮಾಡಿದರು. ಹಿಂದೆ ಯಾರೋ ನಗುವ ಸದ್ದು.

“ಸರ್, ಚಿತ್ರ ಬಂತು. ಮೂಲಂಗಿ ಯಾಕೆ ಶೀರ್ಷಾಸನ ಹಾಕಿದೆ?”

“ಏನಂದ್ರಿ?”

“ಸೊಪ್ಪು ಕೆಳಗಿದೆ, ಬೇರು ಆಕಾಶ ನೋಡ್ತಿದೆ. ಟೊಮೇಟೊ ತೊಟ್ಟಿನ ಮೇಲೆ ಕೂತಿದೆ. ಎಲೆಕೋಸು ಸರಿಯಾಗಿದೆ ಅನ್ಸುತ್ತೆ. ಅಥವಾ ಗೊತ್ತಾಗ್ತಿಲ್ಲ. ತಿರುಗಿಸ್ಕೊಂಡ್ವಿ ಬಿಡಿ. ಆದ್ರೆ ಸರ್, ಆ ಟೊಮೇಟೊ ಬಣ್ಣ... ಮನೇಲಿ ಯಾರಿಗಾದ್ರೂ ತೋರಿಸಿದ್ರಾ?”

ಸಾಹೇಬರು ಫೋನು ಕೆಳಗಿಟ್ಟು, ಹೊರಳಿದ ಕತ್ತನ್ನು ಹಿಡಿದುಕೊಂಡು ಹಾಗೆಯೇ ಕೂತರು. ಅದೇ ಹೊತ್ತಿಗೆ ಹೆಂಡತಿ ತರಕಾರಿ ಚೀಲದೊಡನೆ ಒಳಗೆ ಬಂದರು. ತಲೆಕೆಳಗಾದ ಮಾನಿಟರನ್ನೂ ಅದರ ಪಕ್ಕಕ್ಕೆ ಸಿಕ್ಕಿ ಜಜ್ಜಿಹೋದ ನೀಲಿ ಬಟ್ಟೆಯನ್ನೂ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಸಾಹೇಬರಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಚೀಲ ಇಳಿಸಿ, ಸುರುಳಿಗಳನ್ನು ಬಿಡಿಸಿ, ಸುಕ್ಕಿನ ಮೇಲೆ ಕೈಯಾಡಿಸಿ, ತಮ್ಮನಿಗೆ ಫೋನು ಮಾಡಿದರು.

“ಭಾನುವಾರ ನಿನ್ನ ಗಾಡಿ ತಗೊಂಡು ಬಾರೋ. ಮೆಷಿನ್ನು, ಬಟ್ಟೆ, ಎಲ್ಲಾ ಅಂಗಡಿಗೆ ಸಾಗಿಸ್ಬೇಕು. ಹೂಂ, ಇನ್ಮೇಲೆ ಅಲ್ಲೇ.”

ಅಂದಿನಿಂದ ಸಾಹೇಬರು ನಿಜವಾಗಿ ಕೆಲಸಕ್ಕೆ ಕೂತರು. ಲಿನಕ್ಸ್ ಬಳಸುವವರು ಪರಸ್ಪರ ಕೇಳಿ ಹೇಳಿ ಮಾಡುವ ತಾಣವೊಂದು ಇಂಟರ್‌ನೆಟ್ಟಿನಲ್ಲಿತ್ತು. ಅಲ್ಲಿ, ಸಸ್ಯಲೋಕದ ಚಿತ್ರಣದಲ್ಲಿ ತಾವು ಮಾಡಿದ ಸಾಧನೆ, ಕುಂಚದ ಕಾಲದ ಸೊಗಸು, ಯಂತ್ರಯುಗದ ಕೃತಘ್ನತೆ, ಇವುಗಳನ್ನು ವಿಸ್ತಾರವಾಗಿ ಬರೆದು ಕೊನೆಯ ಸಾಲಿನಲ್ಲಿ, “ವೈರು ಕಿತ್ತು ಹಾಕಿದರೆ ಸೆಟ್ಟಿಂಗ್ ಉಳಿಯುವುದಿಲ್ಲ, ಏನು ಮಾಡಲಿ?” ಎಂದು ಕೇಳಿದರು. ಮುಳ್ಳುಹಂದಿ ಎಂಬ ಅಡ್ಡಹೆಸರಿನವರೊಬ್ಬರು ಉತ್ತರ ಬರೆದರು: “ಕೊನೆಯ ಸಾಲು ಮಾತ್ರ ಓದಿದೆ. ಹಲಗೆ ಬಂದಾಗಲೆಲ್ಲ ಆಜ್ಞೆ ಓದಬೇಕು ಅಂತ ಒಂದು ನಿಯಮ ಬರೆದಿಡಿ.” ನಿಯಮ ಹೇಗಿರಬೇಕೆಂದೂ ಕೆಳಗೆ ಕೊಟ್ಟಿದ್ದರು. ಹೊಗಳಿಕೆಯ ಒಂದು ಮಾತೂ ಇರಲಿಲ್ಲ. ಸಾಹೇಬರಿಗೆ ನೋವಾಯಿತು, ಆದರೂ ಅಕ್ಷರ ಬಿಡದೆ ಇಳಿಸಿಕೊಂಡರು.

ನಿಯಮ ಕೆಲಸ ಮಾಡಿತು, ಗೆರೆ ಮಾತ್ರ ತಿರುಗಲಿಲ್ಲ. ವೈರು ಚುಚ್ಚಿದ ಕೂಡಲೇ ಆಜ್ಞೆಗಳು ಓಡುತ್ತಿದ್ದವು, ಕಂಪ್ಯೂಟರು ಕೂಡಲೇ “ಅಂಥ ಹಲಗೆ ಯಾವುದೂ ಇಲ್ಲ” ಎನ್ನುತ್ತಿತ್ತು.

“ಇಲ್ಲವಂತೆ! ಕಣ್ಣೆದುರಿಗೇ ಇದೆ, ಇಲ್ಲವಂತೆ!” ಸಾಹೇಬರು ಹಲಗೆಯನ್ನು ಎತ್ತಿ ಮಾನಿಟರಿಗೆ ತೋರಿಸಿದರು.

ಶನಿವಾರದ ಬೆಳಿಗ್ಗೆ. ಹೆಂಡತಿ ಆಗಷ್ಟೇ ಹೊರಗಿನಿಂದ ಬಂದು ಹೊಸಿಲಲ್ಲಿ ಒಂದು ಚಪ್ಪಲಿ ಬಿಟ್ಟಿದ್ದರು, ಇನ್ನೊಂದು ಕಾಲಲ್ಲೇ ಇತ್ತು.

“ಬಂದ್ಯಾ? ಆ ಕಿಟಕಿ ತೆಗಿ. ಫ್ಯಾನ್ ಹಾಕು. ಹಾಗೇ ಒಂದು ಲೋಟ ನೀರು. ಮತ್ತೆ ಆ ಮುಳ್ಳುಹಂದಿಗೆ ನಾನು ಏನಂತ ಬರೀಲಿ, ನೀನೇ ಹೇಳು.”

“ಒಳಗೆ ಬರೋಕಾದ್ರೂ ಬಿಡ್ತೀರಾ?” ಆಕೆ ಹೊಸಿಲಲ್ಲೇ ನಿಂತು ಹೇಳಿದರು. “ಮದುವೆ ಆದಾಗಿಂದ ನೋಡ್ತಿದೀನಿ. ಮನುಷ್ಯರು ಚಪ್ಪಲಿ ಬಿಟ್ಟು, ಚೀಲ ಇಟ್ಟು, ಒಂದು ಕಡೆ ಕೂರೋಕೆ ಮುಂಚೆನೇ ಶುರು. ಬಾಗಿಲಲ್ಲಿ ಇರೋರಿಗೆ ಹೇಳಿದ್ದು ಕಿವಿಗೆ ಬೀಳುತ್ತೇನ್ರೀ? ಸ್ವಲ್ಪ ಸುಧಾರಿಸ್ಕೊಳ್ಳಲಿ, ಆಮೇಲೆ ಹೇಳಿ!”

ಸಾಹೇಬರು ಎತ್ತಿ ಹಿಡಿದಿದ್ದ ಹಲಗೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಹಲಗೆಯನ್ನು ನೋಡಿದರು. ವೈರನ್ನು ನೋಡಿದರು. ಹಲಗೆಯೂ ಬಾಗಿಲಲ್ಲೇ ಇದೆ! ವೈರು ಚುಚ್ಚಿದ ಕ್ಷಣ ಅದು ಕಂಪ್ಯೂಟರಿನ ಹೊಸಿಲು ದಾಟಿದೆ ಅಷ್ಟೇ, ಒಳಮನೆಯವರಿಗೆ ಇನ್ನೂ ಗುರುತು ಸಿಕ್ಕಿಲ್ಲ. ಆಗಲೇ ಆಜ್ಞೆಗಳು ಶುರು! ಇದನ್ನೇ ಮುಳ್ಳುಹಂದಿಗೆ ಬರೆದರು. ಈ ಸಲ ಪೀಠಿಕೆಯಿಲ್ಲದೆ, ಎರಡೇ ಸಾಲು. ಉತ್ತರವೂ ತಕ್ಷಣ ಬಂತು. ಹೌದು, ಹಾಗೇ ಆಗಿರಬೇಕು. ನಿಯಮ ತಾನೇ ಕಾಯುತ್ತ ನಿಂತರೆ ಹಲಗೆಯೂ ಬಾಗಿಲಲ್ಲೇ ನಿಲ್ಲುತ್ತದೆ. ಆದ್ದರಿಂದ ನಿಯಮ ಕಂಪ್ಯೂಟರಿನೊಳಗೇ ಬೇರೊಬ್ಬ ಆಳನ್ನು, ಎಂದರೆ ಇನ್ನೊಂದು ಪುಟ್ಟ ಪ್ರೋಗ್ರಾಮನ್ನು, ಎಬ್ಬಿಸಿ ಹೊರಟುಹೋಗಲಿ, ಆ ಆಳು ಒಂದೆರಡು ಉಸಿರು ಕಾದು ಆಮೇಲೆ ಆಜ್ಞೆ ಓದಲಿ. ಕೊನೆಯಲ್ಲಿ, “ಚೆನ್ನಾಗಿ ಪತ್ತೆ ಮಾಡಿದ್ದೀರಿ” ಎಂದಿತ್ತು. ಪತ್ತೆ ಮಾಡಿದ್ದು ಯಾರೆಂಬುದನ್ನು ಸಾಹೇಬರು ಬರೆಯಲಿಲ್ಲ. ಆದರೆ ಎದ್ದುಹೋಗಿ ಕಿಟಕಿಯನ್ನು ತಾವೇ ತೆರೆದರು.

ಭಾನುವಾರ ಹೆಂಡತಿಯ ತಮ್ಮ ಲಗೇಜು ಗಾಡಿ ತಂದು ಬಾಗಿಲಿಗೆ ಹಿಂಬದಿ ಮಾಡಿ ನಿಲ್ಲಿಸಿದ. ಫ್ರಿಜ್ಜು, ಬೀರು ಸಾಗಿಸುವವನು. ಆಳು ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ. ಮೆಷಿನ್ನನ್ನು ಒಬ್ಬನೇ ಎತ್ತಿ ಹೊಸಿಲಿನವರೆಗೆ ತಂದ.

“ಭಾವ, ಪಕ್ಕಕ್ಕೆ ಬನ್ನಿ. ಕಲೆಗೆ ತಗುಲೀತು.”

“ಇಳಿಸೋ ಅದನ್ನ. ಮೊದಲು ಇಲ್ಲಿ ನೋಡು” ಎಂದರು ಸಾಹೇಬರು. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. “ಈಗ ನಾನು ವೈರು ಕೀಳ್ತೀನಿ. ಎಲ್ಲರೂ ನೋಡಿ.”

ಎಲ್ಲರೂ ಎಂದರೆ ಇಬ್ಬರು. ಸಾಹೇಬರು ವೈರು ಕಿತ್ತು ಮೇಲೆತ್ತಿ ತೋರಿಸಿ, ಮತ್ತೆ ಚುಚ್ಚಿ, ಪೆನ್ನು ಹಿಡಿದು ಠೀವಿಯಿಂದ ಮೇಲಕ್ಕೆ ಎಳೆದರು. ಗೆರೆ ಕೆಳಕ್ಕೆ ಓಡಿತು.

“ಆಹಾ” ಎಂದ ಭಾವಮೈದುನ, ಮತ್ತೆ ಮೆಷಿನ್ನಿಗೆ ಕೈಹಾಕುತ್ತ.

“ಇರೋ! ಇದು... ನಿನ್ನೆ ಸರಿಯಾಗಿತ್ತು! ದೇವರಾಣೆಗೂ...”

“ಅವಸರ ಯಾಕ್ರೀ? ಅದಿನ್ನೂ ಚಪ್ಪಲಿ ಬಿಡ್ತಿದೆಯೇನೋ” ಎಂದರು ಹೆಂಡತಿ. ನಗುತ್ತಿರಲಿಲ್ಲ, ಆದರೆ ನಗದಿರಲು ಕಷ್ಟಪಡುತ್ತಿದ್ದರು.

ಸಾಹೇಬರು ಪೆನ್ನು ಕೆಳಗಿಟ್ಟು ಕೈಕಟ್ಟಿ ಕೂತರು. ಬಾಯಿ ಮುಚ್ಚಿಕೊಂಡು ಅಷ್ಟು ಹೊತ್ತು ಕೂತದ್ದನ್ನು ಆ ಮನೆಯ ಗೋಡೆಗಳು ನೋಡಿರಲಿಲ್ಲ. ಆಮೇಲೆ ಪೆನ್ನು ತೆಗೆದುಕೊಂಡು ಎಳೆದರು. ಮೇಲಕ್ಕೆಳೆದದ್ದು ಮೇಲಕ್ಕೇ ಹೋಯಿತು. ಹಗುರಾಗಿ ಒತ್ತಿದ್ದು ಕೂದಲೆಳೆಯಾಗಿ ಬಂತು. ಆಕೆ ಮುಂದೆ ಬಂದು, ಹೇಳದೆ ಕೇಳದೆ ವೈರನ್ನು ತಾವೇ ಕಿತ್ತು ಮತ್ತೆ ಚುಚ್ಚಿದರು. ಸಾಹೇಬರು ಕಾದರು. ಗೆರೆ ನೆಟ್ಟಗೇ ಇತ್ತು. ಭಾವಮೈದುನನೂ ಒಂದು ಸಲ ಕಿತ್ತು ನೋಡಿದ. ಅವನಿಗೆ ಇಂಥದ್ದರಲ್ಲಿ ಹಿಂದೆ ಬಿದ್ದು ಅಭ್ಯಾಸವಿಲ್ಲ.

“ಸರಿ ಅಕ್ಕ, ಈಗ ಏನ್ಮಾಡ್ಲಿ? ಗಾಡಿಗೆ ಹತ್ತಿಸ್ಲಾ, ಒಳಗೆ ಇಡ್ಲಾ?”

“ಅವರನ್ನ ಕೇಳು” ಎಂದರು ಆಕೆ.

ಸಾಹೇಬರು ಗಂಟಲು ಸರಿಮಾಡಿಕೊಂಡರು. ನಿಯಮ, ಆಳು, ಆಜ್ಞೆ ಎಂದು ಇಡೀ ಕಥೆ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹೆಂಡತಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಗೋಡೆ ನೋಡುತ್ತಿದ್ದರು. ಗೆರೆ ನೆಟ್ಟಗಿದೆಯೋ ಇಲ್ಲವೋ ಎಂಬುದಕ್ಕಾಗಿ ಆಕೆ ನಿಂತಿಲ್ಲ ಎಂದು ಸಾಹೇಬರಿಗೆ ಆಗ ಅರ್ಥವಾಯಿತು.

“ಅಲ್ಲ, ಅಲ್ಲಿ ಹೋಗಿ...” ಎಂದರು. ಪೆನ್ನನ್ನು ಕುಂಚದ ಡಬ್ಬಿಗೆ ಹಾಕಿದರು. “ನೀನು ಹೊರಟುಹೋದ್ರೆ, ಹಗಲು ಹೊತ್ತಲ್ಲಿ ನನ್ನನ್ನ ಬೈಯೋರು ಯಾರು?”

ಭಾವಮೈದುನ ಗಾಡಿಯ ಕಡೆ ಮುಖ ತಿರುಗಿಸಿದ. ಅವನ ಭುಜಗಳು ಕುಲುಕುತ್ತಿದ್ದವು.

“ಅದಕ್ಕೆ ನಾನೇ ಬೇಕಾ? ಬೀದೀಲಿ ಯಾರನ್ನ ಕೇಳಿದ್ರೂ ಮಾಡ್ತಾರೆ” ಎಂದರು ಆಕೆ. ಆಮೇಲೆ ತಮ್ಮನಿಗೆ, “ಒಳಗೆ ಇಡೋ. ಮೇಜಿನ ಮೇಲೆ. ನೋಡ್ಕೊಂಡು, ಸೂಜಿ ಮುರಿದೀತು.”

“ಮೇಜಲ್ಲಿ ಜಾಗ ಎಲ್ಲಿದೆ ಅಕ್ಕ?”

ಸಾಹೇಬರು ವೈರು ಕಿತ್ತರು. ಯಾರಿಗೂ ತೋರಿಸಲಿಲ್ಲ. ಕಿತ್ತು, ಸುತ್ತಿ, ಹಲಗೆಯನ್ನು ಮಂಚದ ಕೆಳಗೆ ತಳ್ಳಿ, ಒದ್ದೆ ಬಟ್ಟೆ ಹುಡುಕಿ ತಂದು ಮೇಜು ಒರೆಸಿದರು. ಒಂದು ಮೂಲೆ ಬಿಟ್ಟಿದ್ದರು, ಆಕೆ ಅದನ್ನು ತೋರಿಸಿದರು, ಅದನ್ನೂ ಒರೆಸಿದರು. ಲಾಡ್ಜಿನ ನೀಲಿ ಬಟ್ಟೆ ಮೇಜಿನ ಉದ್ದಕ್ಕೂ ಹಾಸಿ ಆಚೆ ಕೆಳಗಿಳಿಯಿತು.

“ಆ ಕೊನೆ ಹಿಡ್ಕೊಳ್ರೀ. ಎಳೀಬೇಡಿ, ಸುಮ್ನೆ ಹಿಡ್ಕೊಂಡು ನಿಂತ್ಕೊಳ್ಳಿ.”

ಸಾಹೇಬರು ಬಟ್ಟೆಯ ಕೊನೆ ಹಿಡಿದು ನಿಂತರು. ಭಾವಮೈದುನ ಖಾಲಿ ಗಾಡಿ ಹತ್ತುವುದರಲ್ಲಿದ್ದ. “ಇದರಲ್ಲಿ ಮುಖ್ಯವಾದದ್ದು ಏನಪ್ಪಾ ಅಂದ್ರೆ, ಹಲಗೆ ಬಂದ ಕೂಡಲೇ ನಿಯಮ ಏನ್ಮಾಡುತ್ತೆ...” ಎಂದು ಸಾಹೇಬರು ಬಾಗಿಲ ಕಡೆಗೆ ದನಿಯೇರಿಸಿ ಶುರುಮಾಡಿದರು. ಗಾಡಿ ಶುರುವಾಯಿತು. ಮೆಷಿನ್ನೂ ಶುರುವಾಯಿತು.